ಬೀದಿ ದಾಟಿದ ಚರ್ಚಿಲ್ಲರು

ಬೆಂಗಳೂರು ದಂಡಿನಲ್ಲಿ ಹಿಂದೆ ವಾಸಮಾಡಿದವರ ಪೈಕಿ ವಿನ್‌ಸ್ಟನ್ ಚರ್ಚಿಲ್ಲರ ಹೆಸರನ್ನು ಅರಿಯದವರು ವಿರಳ. 1874ರಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನದಲ್ಲಿ ಜನಿಸಿದ ಇವರು 1896ರಲ್ಲಿ ನಾಲ್ಕನೆಯ ಹುಸಾರ್ ಕುದುರೆ ದಳದ ತರುಣ ಅಧಿಕಾರಿಯಾಗಿ ಇಲ್ಲಿಗೆ ಬಂದರು. ಬೆಳಗ್ಗೆ ಕವಾಯತು, ಬಿಸಿಲೇರಿದ ಮೇಲೆ ಗಿಬ್ಬನ್, ಮೆಕಾಲೆಯವರ ಇತಿಹಾಸಗ್ರಂಥಗಳ ವ್ಯಾಸಂಗ, ಸಂಜೆ ಪೋಲೋ ಆಟ. ಹೀಗೆ ಅವರ ದಿನಚರಿ ಸಾಗಿತ್ತು. ರೆಸಿಡೆನ್ಸಿ ರಸ್ತೆಯ ಕ್ಲಬ್ಬಿನಲ್ಲಿ ಅವರು ಉಳಿಸಿಹೋದ 13 ರೂಪಾಯಿಯ ಬಾಕಿ 1899ರ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿದೆ.

ತರುವಾಯ ಅವರು ಪಾರ್ಲಿಮೆಂಟನ್ನು ಸೇರಿ ಮಂತ್ರಿಪದವಿಗೇರಿದರು. ಭಾರತಕ್ಕೆ ಸ್ವಯಮಾಡಳಿತ ಕೊಡುವುದನ್ನು ಹಠದಿಂದ ವಿರೋಧಿಸಿದ ಇವರಲ್ಲಿ ನಮಗೆ ಮಮತೆಯಿರಲು ಕಾರಣವಿಲ್ಲ. ಆದರೂ ಅವರ ಬಾಳಿನ ಒಂದು ಪ್ರಸಂಗದಿಂದ ನಾವು ಕಲಿಯತಕ್ಕದ್ದುಂಟು.

1931ರ ಡಿಸೆಂಬರ್ 13ರ ರಾತ್ರಿ ನ್ಯೂಯಾರ್ಕ್ ನಗರದಲ್ಲಿ ಮಿತ್ರರ ಮನೆಯನ್ನು ಹುಡುಕುತ್ತ, ಟ್ಯಾಕ್ಸಿಯಿಂದಿಳಿದು ಐದನೆಯ ಅವೆನ್ಯೂವನ್ನು ದಾಟತೊಡಗಿದರು. ಇಂಗ್ಲೆಂಡಿನಲ್ಲಿ, ನಮ್ಮಲ್ಲಿಯಂತೆಯೇ, ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ನಡುರಸ್ತೆಯನ್ನು ಮುಟ್ಟಿದವನು ಎಡಕ್ಕೆ ನೋಡಬೇಕು, ಅಮೆರಿಕದಲ್ಲಿ ಬಲಕ್ಕೆ. ಅಭ್ಯಾಸಬಲದಿಂದ ಅವರು ಎಡಕ್ಕೆ ನೋಡಿದರು. ಬಲದಿಂದ ಬಂದ ಮೋಟಾರು ಅವರನ್ನು ಕೆಡವಿತು. ಹಣೆ ಒಡೆಯಿತು, ಪಕ್ಕೆಲುಬು ಬಿರಿಯಿತು. ಚಾಲಕನನ್ನು ದೂಷಿಸದೆ ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ವಿಜ್ಞಾನಿ ಮಿತ್ರರೊಬ್ಬರ ಗಣನೆಯಂತೆ ಆ ಪೆಟ್ಟು 30 ಅಡಿ ಎತ್ತರದಿಂದ ಕಲ್ಲುಹಾಸಿನ ಮೇಲೆ ಬಿದ್ದುದಕ್ಕೆ ಸಮ. ಗಂಟೆಗೆ ಸುಮಾರು 48 ಕಿಲೋಮೀಟರ್ ವೇಗದ ವಾಹನದ ಹೊಡೆತ ಅಷ್ಟಿರುತ್ತದೆ. ವೇಗ ಅರ್ಧವಾದರೆ ಆ ಎತ್ತರ ಕಾಲುಭಾಗಕ್ಕೆ ಇಳಿಯುತ್ತದೆ. ಅದೃಷ್ಟವಶಾತ್ ಉಳಿದುಕೊಂಡ ಚರ್ಚಿಲ್ಲರು 1940ರಲ್ಲಿ ಪ್ರಧಾನಮಂತ್ರಿಯಾಗಿ, 1965ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ಮೃತರಾದರು.

ಅವರಿದ್ದ ದಂಡಿನ ರೆಸಿಡೆನ್ಸಿ ರಸ್ತೆ ಇಂದು ಏಕಮುಖ ಸಂಚಾರದ ರಸ್ತೆ. ನಡುವಿನಾಚೆಗೂ ವಾಹನಗಳು ಒಂದೇ ಪಕ್ಕದಿಂದ ಬರುವುದರಿಂದ, ಮೊದಲು ಬಲಕ್ಕೆ, ನಡುವಿನಲ್ಲಿ ಎಡಕ್ಕೆ ನೋಡುವ ಅಭ್ಯಾಸ ಇಲ್ಲಿಯೂ ಮೋಸಮಾಡಬಲ್ಲದು. ಹಲಸೂರು, ಇಂದಿರಾನಗರಗಳನ್ನು ಹಾದು ಕೃಷ್ಣರಾಜಪುರದತ್ತ ಹೋಗುವ ಹಳೆಯ ಮದರಾಸು ರಸ್ತೆಯನ್ನು ಟಿನ್ ಫ್ಯಾಕ್ಟರಿಯ ಬಳಿ ಹೊರವರ್ತುಲ ರಸ್ತೆ ಕೂಡುತ್ತದೆ. ಅಲ್ಲಿ ಬಸ್ಸಿನಿಂದಿಳಿದ ಮುದುಕಿಯೊಬ್ಬಳು ಯಾವ ಕಡೆಗೆಂದು ನೋಡಬೇಕು? ಲೋಕ ಸುತ್ತಿದ ಚರ್ಚಿಲ್ಲರೇ ತಪ್ಪಿದ ಮೇಲೆ ಆಕೆ ತಪ್ಪಿದರೆ ಆಶ್ಚರ್ಯವೇನು?

ಪಾದಚಾರಿಗಳಿಗೆ ಎಚ್ಚರಿಕೆಯನ್ನು ಬೋಧಿಸುವುದು ಯುಕ್ತವೇ. ಆದರೆ ಮನುಷ್ಯನು ತಪ್ಪುವವನು. ಕ್ಷಣಮಾತ್ರದ ತಪ್ಪಿಗೆ ಪ್ರಾಣವನ್ನೇ ದಂಡವಾಗಿ ತೆರದಂತೆ, ರಸ್ತೆಗಳು ಕೂಡುವೆಡೆ ವಾಹನಗಳ ವೇಗವನ್ನು ತಗ್ಗಿಸಿ, ದಾಟುವವರು ನಡುವೆ ನಿಲ್ಲಲು ಭದ್ರವಾದ ಸ್ಥಳವನ್ನು ಕಲ್ಪಿಸುವುದು ನಗರಾಡಳಿತದ ಕರ್ತವ್ಯ.