ಎರಡಾಣೆಗೆ ಮನೆಬಾಗಿಲಿಗೆ ಬಂದ ಬ್ಯಾಂಕು: ಡಾ. ಟಿ.ಎಂ.ಎ. ಪೈ ಮತ್ತು ಪಿಗ್ಮಿಯ ಕಥೆ

ಉಡುಪಿ: ಅಂಗಡಿ ಮುಂದೆ ದಿನಾ ಬಂದು ನಿಲ್ಲುವ ಪಿಗ್ಮಿಯವರನ್ನು ನೋಡದ ವ್ಯಾಪಾರಿ ನಮ್ಮ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಮೊದಲು ಕೈಯಲ್ಲಿ ಪುಸ್ತಕ ಇರುತ್ತಿತ್ತು, ಈಗ ಸಣ್ಣ ಮೆಷಿನ್. ಯಾವ ಸೊಸೈಟಿಯವರು ಬಂದರೂ ನಾವು ಹೇಳುವುದು ಪಿಗ್ಮಿ ಅಂತಲೇ. ಈ ಯೋಜನೆ ಶುರುವಾದದ್ದು ಇದೇ ಊರಿನ ಬ್ಯಾಂಕಿನಲ್ಲಿ, 1928ರಲ್ಲಿ. ಆ ಬ್ಯಾಂಕು ಕಟ್ಟಿದವರಲ್ಲಿ ಮುಖ್ಯರಾದವರು ಒಬ್ಬ ಡಾಕ್ಟರು.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಕಲ್ಯಾಣಪುರದಲ್ಲಿ. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿ ಪ್ರಾಕ್ಟೀಸ್ ಶುರು ಮಾಡಿದರು. ಆಗ ನಾವೆಲ್ಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಮಿಲ್ಲಿನ ಬಟ್ಟೆ ಬಂದು ಕೈಮಗ್ಗದವರು ಸೋತು ಕೂತಿದ್ದ ಕಾಲ ಅದು. ನೂಲು ತರಲಿಕ್ಕೂ ಸಾಲ ಬೇಕು, ಸಾಲ ಕೊಡುವವರಿಲ್ಲ.

1925ರಲ್ಲಿ ಪೈಗಳು, ಅವರ ಅಣ್ಣ ಉಪೇಂದ್ರ ಪೈ ಮತ್ತು ಎಂಜಿನಿಯರ್ ವಾಮನ ಕುಡ್ವ ಸೇರಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಒಂದು ಸಂಸ್ಥೆ ಕಟ್ಟಿದರು. ಬಂಡವಾಳ 8,000 ರೂಪಾಯಿ. ಅಷ್ಟು ಹೊತ್ತಿಗೆ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲೇ ಶುರು ಮಾಡಿದ್ದ ಬ್ಯಾಂಕು ಉಡುಪಿಯಲ್ಲಿತ್ತು, ಮಂಗಳೂರಿನಲ್ಲಿ ಬೇರೆ ಬ್ಯಾಂಕುಗಳಿದ್ದವು. ಇದ್ದವರ ಜೊತೆ ಅದೇ ಗಿರಾಕಿಗಳಿಗಾಗಿ ಪೈಪೋಟಿಗೆ ಇಳಿದಿದ್ದರೆ ಈ ಪುಟ್ಟ ಬ್ಯಾಂಕು ಎಷ್ಟು ದಿನ ಬಾಳುತ್ತಿತ್ತೋ ಗೊತ್ತಿಲ್ಲ.

ಸಾಲ ಕೊಡಲು ಠೇವಣಿ ಬೇಕಲ್ಲ? ದೊಡ್ಡ ಠೇವಣಿ ಇಡುವವರು ಊರಲ್ಲಿ ಬೆರಳೆಣಿಕೆ. ಮೀನು ಮಾರುವವರು, ನೇಕಾರರು, ಗೂಡಂಗಡಿಯವರು ದಿನಾ ದುಡಿಯುತ್ತಾರೆ, ದಿನಾ ಒಂದಿಷ್ಟು ಚಿಲ್ಲರೆ ಉಳಿಯುತ್ತದೆ. ಆದರೆ ಅದನ್ನು ಹಿಡಿದುಕೊಂಡು ಕೆಲಸ ಬಿಟ್ಟು ಬ್ಯಾಂಕಿಗೆ ಹೋಗುವವರು ಯಾರು? ಹೋದರೂ ಎರಡಾಣೆ ಕಟ್ಟಲಿಕ್ಕೆ ಕೌಂಟರ್ ಮುಂದೆ ನಿಲ್ಲಲು ಸಂಕೋಚ. ಪಿಗ್ಮಿ ಯೋಜನೆ ಇದನ್ನು ತಿರುಗಿಸಿ ಹಾಕಿತು. ಗಿರಾಕಿ ಬ್ಯಾಂಕಿಗೆ ಬರುವುದು ಬೇಡ, ಬ್ಯಾಂಕೇ ಮನೆಗೆ ಹೋಗಲಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು.

ಎರಡಾಣೆ ಅಂದರೆ ರೂಪಾಯಿಯ ಎಂಟನೇ ಒಂದು ಪಾಲು. ದಿನ ತಪ್ಪದೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ ದಾಟುತ್ತದೆ. ಕೂಲಿಯವನ ಮನೆಗೆ ಅಂದಿನ ಕಾಲದಲ್ಲಿ ಅದು ದೊಡ್ಡ ಮೊತ್ತವೇ.

ಕೇಳಲಿಕ್ಕೆ ಸುಲಭ. ನಡೆಸುವುದು ಕಷ್ಟ. 200 ರೂಪಾಯಿ ಬರೆಯಲು ಗುಮಾಸ್ತನಿಗೆ ಎಷ್ಟು ಹೊತ್ತು ಬೇಕೋ ಎರಡಾಣೆ ಬರೆಯಲೂ ಅಷ್ಟೇ ಹೊತ್ತು ಬೇಕು. ಅದರ ಮೇಲೆ ಮನೆಮನೆ ತಿರುಗುವ ಸಂಬಳದ ನೌಕರರನ್ನು ಇಟ್ಟಿದ್ದರೆ ಬಂದ ದುಡ್ಡೆಲ್ಲ ಅಲ್ಲಿಗೇ ಸರಿ. ಹಾಗಾಗಿ ವಸೂಲಿಗೆ ಕಮಿಷನ್ ಏಜೆಂಟರು ಬಂದರು. ಹಣ ತಂದಷ್ಟು ಕಮಿಷನ್, ತರದಿದ್ದರೆ ಬ್ಯಾಂಕಿಗೆ ಖರ್ಚಿಲ್ಲ. ಏಜೆಂಟರು ಓಣಿಯ ಪರಿಚಯದವರಾದ ಕಾರಣ ಜನ ನಂಬಿ ಕೊಟ್ಟರು. ಇನ್ನೊಂದು ಲಾಭವೂ ಇತ್ತು. ಒಬ್ಬ ದೊಡ್ಡ ಸಾಹುಕಾರ ಠೇವಣಿ ವಾಪಸ್ ಕೇಳಿದರೆ ಸಣ್ಣ ಬ್ಯಾಂಕು ಅಲ್ಲಾಡುತ್ತದೆ, ಸಾವಿರ ಮಂದಿಯ ಚಿಲ್ಲರೆ ಒಂದೇ ದಿನ ಎದ್ದು ಹೋಗುವುದಿಲ್ಲ. ಹೊಸ ಯೋಚನೆ ಎಲ್ಲರಿಗೂ ಬರುತ್ತದೆ, ಅದರ ಖರ್ಚಿಗೆ ದಾರಿ ಹುಡುಕಿದ್ದೇ ಇಲ್ಲಿ ನಿಜವಾದ ಬುದ್ಧಿವಂತಿಕೆ ಅಂತ ನನಗೆ ಅನಿಸುತ್ತದೆ.

ಅದೇ 1928ರಲ್ಲಿ ಬ್ರಹ್ಮಾವರದಲ್ಲಿ ಬ್ಯಾಂಕಿನ ಮೊದಲ ಶಾಖೆ ತೆರೆಯಿತು. ಮುಂದೆ ಪಿಗ್ಮಿಯನ್ನು ಬೇರೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ತಮ್ಮದಾಗಿಸಿಕೊಂಡವು.

ಆದರೆ ಬಿಸಿಲು ಮಳೆಯಲ್ಲಿ ತಿರುಗಿದ ಏಜೆಂಟರ ಕಥೆ ಬೇರೆ. ಬ್ಯಾಂಕು ಬೆಳೆಯಿತು, ಅವರು ಕಮಿಷನ್‌ನಲ್ಲೇ ಉಳಿದರು. ಗ್ರಾಚ್ಯುಟಿ, ಖಾಯಂ ಕೆಲಸ ಯಾವುದೂ ಇಲ್ಲ. ವಿಷಯ ಕೈಗಾರಿಕಾ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟ್ ತನಕ ಹೋಗಿ, 2001ರಲ್ಲಿ ಅವರನ್ನೂ ಕಾರ್ಮಿಕರೆಂದೇ ಪರಿಗಣಿಸಬೇಕು ಅಂತ ತೀರ್ಪು ಬಂತು. ಯೋಜನೆ ಶುರುವಾಗಿ ಆಗ 73 ವರ್ಷ. ಪೈಗಳನ್ನು ಹೊಗಳುವಾಗ ಈ ಮಾತನ್ನು ಬಿಡುವ ಹಾಗಿಲ್ಲ.

ಇದ್ದುದನ್ನೇ ಬಳಸಿ ಹೊಸದು ಮಾಡುವ ಅಭ್ಯಾಸ ಪೈಗಳು ಶಿಕ್ಷಣಕ್ಕೂ ತಂದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಖಾಸಗಿಯವರು ಮೆಡಿಕಲ್ ಕಾಲೇಜು ನಡೆಸುವುದು ಆಗ ದೇಶದಲ್ಲಿ ಅಪರೂಪ. ಕಲಿಕೆಗೆ ರೋಗಿಗಳು ಬೇಕಲ್ಲ, ಅದಕ್ಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಜೊತೆ ಒಪ್ಪಂದವಾಯಿತು. ಓದುವವರಿಂದಲೇ ಹಣ ಪಡೆದು ಕಾಲೇಜು ನಡೆಸುವ ಈ ದಾರಿಯನ್ನು ಟೀಕಿಸಿದವರೂ ಇದ್ದಾರೆ, ಇವತ್ತಿಗೂ ಟೀಕಿಸುತ್ತಾರೆ.

ಬ್ಯಾಂಕಿನ ಹೊಣೆ ಮುಂದೆ ಅಣ್ಣನ ಮಗ ಟಿ.ಎ. ಪೈ ಅವರ ಹೆಗಲಿಗೆ ಬಂತು. ಹೆಸರು ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರ ಜುಲೈ 19ರಂದು ರಾಷ್ಟ್ರೀಕರಣವೂ ಆಯಿತು. ಡಾ. ಪೈ ಅವರಿಗೆ 1972ರಲ್ಲಿ ಪದ್ಮಶ್ರೀ ಸಂದಿತು. 1979ರ ಮೇ 29ರಂದು ತೀರಿಕೊಂಡರು. ಅವರು ಕಟ್ಟಿದ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು.