ಡಾ. ಬಿ.ಜಿ.ಎಲ್. ಸ್ವಾಮಿ: ಜೀವನ ಮತ್ತು ಆರ್ಕಿಡ್ ಸಂಶೋಧನೆ

ಜನನ ಮತ್ತು ವಿದ್ಯಾಭ್ಯಾಸ

ಸಸ್ಯವಿಜ್ಞಾನಿ ಹಾಗೂ ಕನ್ನಡ ಸಾಹಿತಿ ಡಾ. ಬಿ.ಜಿ.ಎಲ್. ಸ್ವಾಮಿಯವರು 1918ರ ಫೆಬ್ರವರಿ 5ರಂದು ಜನಿಸಿದರು. ತಂದೆ ಕವಿ ಡಿ.ವಿ. ಗುಂಡಪ್ಪನವರು ಮುಳಬಾಗಿಲಿನವರು. ಮುಳಬಾಗಿಲನ್ನೊಳಗೊಂಡ ಕೋಲಾರ ಜಿಲ್ಲೆಯಲ್ಲಿಯೇ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳೂ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವವರೆಗೆ ಸೇರಿದ್ದವು. ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು.

ಸಂಶೋಧನೆ

ಸ್ವಾಮಿಯವರು ಆರಿಸಿಕೊಂಡ ವಿಷಯ ಆರ್ಕಿಡ್ ಕುಟುಂಬದ ಭ್ರೂಣಶಾಸ್ತ್ರ. ಆರ್ಕಿಡ್ ಬೀಜವು ಧೂಳಿನ ಕಣದಷ್ಟು ಸೂಕ್ಷ್ಮವಾದುದು. ರಾಗಿ, ಜೋಳಗಳ ಕಾಳಿನಲ್ಲಿ ಮೊಳಕೆಗೆ ಬೇಕಾದ ಆಹಾರ ಶೇಖರವಾಗಿರುತ್ತದೆ. ಆರ್ಕಿಡ್ ಬೀಜದಲ್ಲಿ ಅದು ಇಲ್ಲ. ಭ್ರೂಣವೂ ಬೇರು, ಎಲೆಗಳೆಂಬ ಭೇದವಿಲ್ಲದ ಕೆಲವೇ ಕೋಶಗಳ ಗುಂಪು. ಆದುದರಿಂದ ನಿಸರ್ಗದಲ್ಲಿ ಸೂಕ್ತವಾದ ಶಿಲೀಂಧ್ರವು ಒಳಹೊಕ್ಕು ಪೋಷಣೆ ಒದಗಿಸಿದಾಗ ಮಾತ್ರ ಬೀಜ ಮೊಳೆಯುತ್ತದೆ. ಈ ಸಂಬಂಧವನ್ನು 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ಡ್ ಗುರುತಿಸಿದ್ದರು.

ಬಹುತೇಕ ಆರ್ಕಿಡ್‌ಗಳು ಹಸಿರೆಲೆ ಬಿಟ್ಟ ಮೇಲೆ ತಾವೇ ಆಹಾರ ತಯಾರಿಸಿಕೊಳ್ಳುತ್ತವೆ. ಪಶ್ಚಿಮ ಘಟ್ಟಗಳಲ್ಲಿ ಕಂಡುಬರುವ ಎಪಿಪೋಜಿಯಂ ರೋಸಿಯಂನಂತಹ ಕೆಲವು ಪ್ರಭೇದಗಳಲ್ಲಿ ಪತ್ರಹರಿತ್ತೇ ಇಲ್ಲ. ಅವು ಜೀವಮಾನವಿಡೀ ಶಿಲೀಂಧ್ರವನ್ನೇ ಅವಲಂಬಿಸಿ ಮಣ್ಣಿನೊಳಗೆ ಬದುಕಿ, ಹೂ ಬಿಡುವಾಗ ಮಾತ್ರ ತರಗೆಲೆಗಳ ನಡುವಿನಿಂದ ಮೇಲೇಳುತ್ತವೆ.

ಸ್ವಾಮಿಯವರು ಆರ್ಕಿಡ್ ಭ್ರೂಣದ ಬೆಳವಣಿಗೆಯನ್ನು ಹಂತಹಂತವಾಗಿ ಪರಿಶೀಲಿಸಿ, ಅದರ ವಿವಿಧ ಮಾದರಿಗಳನ್ನು ವಿಂಗಡಿಸಿದರು. 1949ರಲ್ಲಿ ಈ ಅಧ್ಯಯನವು ಎರಡು ಭಾಗಗಳಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿದ ಅವರು, ಮುಂದೆ ದಕ್ಷಿಣ ಭಾರತದ ಒಂದು ಸಸ್ಯಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿ ಎಂದು ಹೆಸರಿಟ್ಟರು.

ಅಧ್ಯಾಪನ ಮತ್ತು ಸಾಹಿತ್ಯ

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದು, ಪ್ರಾಂಶುಪಾಲರೂ ಆದರು. ಪ್ರಯೋಗಶಾಲೆಯ ಜ್ಞಾನ ಸಾಮಾನ್ಯ ಓದುಗನಿಗೂ ತಲುಪಬೇಕೆಂಬುದಕ್ಕೆ ಅವರ ಬರವಣಿಗೆಯೇ ಸಾಕ್ಷಿ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಹಾಸ್ಯಮಿಶ್ರಿತವಾಗಿ ನಿರೂಪಿಸಿ, ಸ್ವತಃ ಚಿತ್ರ ಬರೆದು ರಚಿಸಿದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ಇದೇ ಪ್ರಶಸ್ತಿ 1967ರಲ್ಲಿ ಅವರ ತಂದೆಯವರಿಗೂ ಸಂದಿತ್ತು. ಸ್ವಾಮಿಯವರು 1980ರ ನವೆಂಬರ್ 2ರಂದು ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ನೆಲದಲ್ಲಿ ಬೆಳೆಯುವ ಆರ್ಕಿಡ್ ಗಿಡವನ್ನು ಕಾಡಿನಿಂದ ಕಿತ್ತು ಕುಂಡದಲ್ಲಿ ನೆಟ್ಟಾಗ, ಅದಕ್ಕೆ ಆಧಾರವಾದ ಶಿಲೀಂಧ್ರ ಜಾಲವು ಮೂಲ ಮಣ್ಣಿನಲ್ಲಿಯೇ ಉಳಿದುಬಿಡುತ್ತದೆ. ಹಸಿರಿಲ್ಲದ ಪ್ರಭೇದಗಳಂತೂ ಹೀಗೆ ಬದುಕುಳಿಯಲಾರವು. ಕರ್ನಾಟಕ ಅರಣ್ಯ ಕಾಯ್ದೆ, 1963ರ ಮೇರೆಗೆ ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡಗಳನ್ನು ಕೀಳುವುದು ನಿಷಿದ್ಧ. ಅಧ್ಯಯನಕ್ಕಾಗಿ ಸಸ್ಯ ಸಂಗ್ರಹಿಸಬಯಸುವವರು ಅರಣ್ಯ ಇಲಾಖೆಯಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.