ಅನ್ನಾ ಜೂಲಿಯಾ ಕೂಪರ್

ಅನ್ನಾ ಜೂಲಿಯಾ ಹೇವುಡ್ ಕೂಪರ್ (ಆಗಸ್ಟ್ 10, 1858 – ಫೆಬ್ರವರಿ 27, 1964) ಅಮೆರಿಕ ಸಂಯುಕ್ತ ಸಂಸ್ಥಾನದ ಶಿಕ್ಷಣತಜ್ಞೆ, ಲೇಖಕಿ ಮತ್ತು ಇತಿಹಾಸಜ್ಞೆ. ಗುಲಾಮಗಿರಿಯಲ್ಲಿ ಜನಿಸಿದ ಇವರು ತಮ್ಮ 66ನೆಯ ವಯಸ್ಸಿನಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದಿಂದ (ಸೋರ್ಬೋನ್) ಡಾಕ್ಟರೇಟ್ ಪದವಿ ಪಡೆದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗುಲಾಮಗಿರಿಯ ಬಗ್ಗೆ ಫ್ರಾನ್ಸ್ ತಳೆದ ನಿಲುವು ಇವರ ಮಹಾಪ್ರಬಂಧದ ವಿಷಯವಾಗಿತ್ತು. ಡಾಕ್ಟರೇಟ್ ಪಡೆದ ಆಫ್ರಿಕನ್-ಅಮೆರಿಕನ್ ಮಹಿಳೆಯರಲ್ಲಿ ಇವರು ನಾಲ್ಕನೆಯವರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅನ್ನಾ ಜನಿಸಿದ್ದು ಉತ್ತರ ಕೆರೊಲಿನಾ ರಾಜ್ಯದ ರಾಲೀ ನಗರದಲ್ಲಿ. ತಾಯಿ ಹಾನಾ ಸ್ಟ್ಯಾನ್ಲಿ ಹೇವುಡ್ ಗುಲಾಮರಾಗಿದ್ದರು. ತಾಯಿಯ ಒಡೆಯನಾಗಿದ್ದ ಬಿಳಿಯನೇ ಅನ್ನಾರ ತಂದೆಯೆಂದು ನಂಬಲಾಗಿದೆ. ತಾಯಿ ಮಾತ್ರ ಈ ವಿಷಯವನ್ನು ಮಗಳೆದುರು ಎಂದೂ ಎತ್ತಲಿಲ್ಲ. ಅಂತರ್ಯುದ್ಧವು ಮುಗಿದು ಗುಲಾಮಗಿರಿ ರದ್ದಾದಾಗ ಅನ್ನಾರಿಗೆ ಏಳು ವರ್ಷ.

1868ರಲ್ಲಿ ಬಿಡುಗಡೆ ಹೊಂದಿದ ಗುಲಾಮರ ಶಿಕ್ಷಣಕ್ಕಾಗಿ ರಾಲೀಯಲ್ಲಿ ಸೇಂಟ್ ಆಗಸ್ಟೀನ್ ಶಾಲೆ ಆರಂಭವಾಯಿತು. ಅನ್ನಾ ವಿದ್ಯಾರ್ಥಿವೇತನ ಪಡೆದು ಅಲ್ಲಿ ಸೇರಿದರು. ಗ್ರೀಕ್ ಭಾಷೆಯ ತರಗತಿಯನ್ನು ಪಾದ್ರಿಗಳಾಗಲಿರುವ ಗಂಡುಮಕ್ಕಳಿಗಷ್ಟೇ ಮೀಸಲಿಡಲಾಗಿತ್ತು. ಅನ್ನಾ ಇದನ್ನು ಪ್ರತಿಭಟಿಸಿ ಆ ತರಗತಿಗೆ ಪ್ರವೇಶ ಗಿಟ್ಟಿಸಿಕೊಂಡರು. 1877ರಲ್ಲಿ ಅದೇ ಸಂಸ್ಥೆಯಲ್ಲಿ ದೇವತಾಶಾಸ್ತ್ರ ಓದುತ್ತಿದ್ದ ಜಾರ್ಜ್ ಕೂಪರ್ ಅವರನ್ನು ವಿವಾಹವಾದರು. ಎರಡೇ ವರ್ಷಗಳಲ್ಲಿ ಪತಿ ತೀರಿಕೊಂಡರು. ಅನ್ನಾ ಮರುವಿವಾಹವಾಗಲಿಲ್ಲ.

ಮುಂದೆ ಒಹಾಯೋ ರಾಜ್ಯದ ಓಬರ್ಲಿನ್ ಕಾಲೇಜಿಗೆ ಸೇರಿದ ಇವರು, ಮಹಿಳೆಯರಿಗಾಗಿ ರೂಪಿಸಿದ್ದ ಹಗುರವಾದ ಪಠ್ಯಕ್ರಮವನ್ನು ಬಿಟ್ಟು ಪುರುಷರ ಪಠ್ಯಕ್ರಮವನ್ನೇ ಆಯ್ದುಕೊಂಡರು. 1884ರಲ್ಲಿ ಪದವಿಯನ್ನೂ 1887ರಲ್ಲಿ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ಅಧ್ಯಾಪನ ಮತ್ತು ಬರವಣಿಗೆ

1887ರಲ್ಲಿ ವಾಷಿಂಗ್ಟನ್ ನಗರಕ್ಕೆ ಬಂದು, ಕಪ್ಪು ವರ್ಣೀಯ ವಿದ್ಯಾರ್ಥಿಗಳಿಗೆ ಮೀಸಲಾಗಿದ್ದ ಪ್ರೌಢಶಾಲೆಯಲ್ಲಿ ಅಧ್ಯಾಪಕಿಯಾದರು. ಮುಂದೆ ಎಂ ಸ್ಟ್ರೀಟ್ ಪ್ರೌಢಶಾಲೆಯೆಂದೂ ಬಳಿಕ ಡನ್ಬಾರ್ ಪ್ರೌಢಶಾಲೆಯೆಂದೂ ಹೆಸರಾದ ಈ ಸಂಸ್ಥೆಯೇ ಇವರ ಜೀವನದ ಕಾರ್ಯಕ್ಷೇತ್ರವಾಯಿತು. 1892ರಲ್ಲಿ ಪ್ರಕಟವಾದ ‘ಎ ವಾಯ್ಸ್ ಫ್ರಮ್ ದ ಸೌತ್’ ಎಂಬ ಪ್ರಬಂಧ ಸಂಕಲನವು ಇವರಿಗೆ ಹೆಸರು ತಂದಿತು. ಒಂದು ಜನಾಂಗದ ಏಳಿಗೆಯನ್ನು ಅದರ ಮಹಿಳೆಯರ ಸ್ಥಿತಿಯಿಂದಲೇ ಅಳೆಯಬೇಕೆಂಬುದು ಈ ಕೃತಿಯ ಮುಖ್ಯ ವಾದ. 1900ರಲ್ಲಿ ಲಂಡನ್ನಿನಲ್ಲಿ ನಡೆದ ಪ್ಯಾನ್-ಆಫ್ರಿಕನ್ ಸಮ್ಮೇಳನದಲ್ಲಿ ಮಾತನಾಡಿದ ಕೆಲವೇ ಮಹಿಳೆಯರಲ್ಲಿ ಇವರೂ ಒಬ್ಬರು.

1902ರಲ್ಲಿ ಇವರು ಶಾಲೆಯ ಮುಖ್ಯಸ್ಥರಾದರು. ಕಪ್ಪು ವರ್ಣೀಯರಿಗೆ ಕಸುಬಿನ ಶಿಕ್ಷಣವೇ ಸಾಕು ಎಂಬ ಅಭಿಪ್ರಾಯ ಆ ಕಾಲದಲ್ಲಿ ಪ್ರಬಲವಾಗಿತ್ತು. ಅದನ್ನು ಒಪ್ಪದ ಕೂಪರ್ ಲ್ಯಾಟಿನ್, ಗಣಿತ, ಸಾಹಿತ್ಯಗಳ ಬೋಧನೆಯನ್ನು ಉಳಿಸಿಕೊಂಡು ತಮ್ಮ ವಿದ್ಯಾರ್ಥಿಗಳನ್ನು ಹಾರ್ವರ್ಡ್‌ನಂತಹ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಅಣಿಗೊಳಿಸಿದರು. ಆಡಳಿತ ಮಂಡಳಿಯೊಡನೆ ವಿವಾದವುಂಟಾಗಿ 1906ರಲ್ಲಿ ಹುದ್ದೆಯನ್ನು ಕಳೆದುಕೊಂಡರು. ಮಿಸೌರಿ ರಾಜ್ಯದ ಲಿಂಕನ್ ಸಂಸ್ಥೆಯಲ್ಲಿ ನಾಲ್ಕು ವರ್ಷ ಪಾಠ ಹೇಳಿ, 1910ರಲ್ಲಿ ಹಳೆಯ ಶಾಲೆಗೇ ಲ್ಯಾಟಿನ್ ಅಧ್ಯಾಪಕಿಯಾಗಿ ಮರಳಿದರು.

ಡಾಕ್ಟರೇಟ್ ಅಧ್ಯಯನ

ಕೂಪರ್ ಅವರ ಸಂಶೋಧನಾ ಅಧ್ಯಯನವು ರಜಾದಿನಗಳಲ್ಲೇ ನಡೆಯಿತು. 1911ರಿಂದ 1913ರವರೆಗೆ ಬೇಸಿಗೆಯಲ್ಲಿ ಪ್ಯಾರಿಸ್ಸಿಗೆ ಹೋಗಿ ಫ್ರೆಂಚ್ ಭಾಷೆ, ಸಾಹಿತ್ಯ ಮತ್ತು ಇತಿಹಾಸವನ್ನು ಓದಿದರು. 1914ರಲ್ಲಿ, 56ರ ಹೊಸ್ತಿಲಲ್ಲಿದ್ದಾಗ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ವ್ಯಾಸಂಗಕ್ಕೆ ನೋಂದಾಯಿಸಿಕೊಂಡರು. ಬೇಸಿಗೆ ತರಗತಿಗಳಲ್ಲಿ ಅಗತ್ಯವಾದ ಪಠ್ಯಭಾಗವನ್ನು ಮುಗಿಸಿದರು. ಷಾರ್ಲಮೇನ್ ದೊರೆಯ ಯಾತ್ರೆಯನ್ನು ಕುರಿತ ಮಧ್ಯಯುಗದ ಫ್ರೆಂಚ್ ಕಾವ್ಯವೊಂದನ್ನು ಸಂಪಾದಿಸುವ ಕೆಲಸವನ್ನೂ ಕೈಗೊಂಡರು.

ಆದರೆ ಪದವಿಗೆ ಒಂದು ವರ್ಷ ವಿಶ್ವವಿದ್ಯಾಲಯದಲ್ಲೇ ಇದ್ದು ಓದಬೇಕೆಂಬ ನಿಯಮವಿತ್ತು. ಅದನ್ನು ಪೂರೈಸಲು ಇವರಿಂದ ಸಾಧ್ಯವಾಗಲಿಲ್ಲ. ಜೀವನೋಪಾಯಕ್ಕೆ ಶಾಲೆಯ ಸಂಬಳವೇ ಆಧಾರವಾಗಿತ್ತು. ಅಲ್ಲದೆ 1915ರಲ್ಲಿ ತಮ್ಮ ಮಲಸಹೋದರನ ಐವರು ಮೊಮ್ಮಕ್ಕಳು ತಾಯಿಯನ್ನು ಕಳೆದುಕೊಂಡಾಗ ಅವರ ಪಾಲನೆಯ ಹೊಣೆಯನ್ನು ಕೂಪರ್ ವಹಿಸಿಕೊಂಡಿದ್ದರು. ಅವರಲ್ಲಿ ಕಿರಿಯದು ಆರು ತಿಂಗಳ ಶಿಶು. ಮಕ್ಕಳಿಗಾಗಿ ವಾಷಿಂಗ್ಟನ್ನಿನ ಲೆಡ್ರಾಯ್ಟ್ ಪಾರ್ಕ್ ಬಡಾವಣೆಯಲ್ಲಿ ದೊಡ್ಡ ಮನೆಯೊಂದನ್ನು ಕೊಂಡರು.

ಕೊಲಂಬಿಯಾದಲ್ಲಿ ಮುಗಿಸಿದ ವ್ಯಾಸಂಗವನ್ನು ಸೋರ್ಬೋನ್ ಮಾನ್ಯ ಮಾಡಿತು. ಆದರೆ ಅಲ್ಲಿ ಹೊಸ ವಿಷಯವೊಂದರ ಮೇಲೆ ಮಹಾಪ್ರಬಂಧ ಬರೆಯಬೇಕಾಯಿತು. ಕೂಪರ್ ಗುಲಾಮಗಿರಿಯ ಇತಿಹಾಸವನ್ನು ಆರಿಸಿಕೊಂಡರು. ರಜೆಯ ಮೇಲೆ ಪ್ಯಾರಿಸ್ಸಿಗೆ ತೆರಳಿ ಅಲ್ಲಿನ ಪತ್ರಾಗಾರಗಳಲ್ಲಿ ಮೂಲದಾಖಲೆಗಳನ್ನು ಓದತೊಡಗಿದರು. 60 ದಿನಗಳೊಳಗೆ ಮರಳದಿದ್ದರೆ ಕೆಲಸ ಹೋಗುವುದೆಂಬ ಸುದ್ದಿ ಅಲ್ಲಿಗೆ ಮುಟ್ಟಿತು. ಕೂಡಲೇ ಹೊರಟು ಗಡುವು ಮೀರುವ ಮುನ್ನ ತರಗತಿಗೆ ಹಾಜರಾದರು. ಉಳಿದ ಸಂಶೋಧನೆಯನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ, ಶಾಲೆಯ ಕೆಲಸದಿಂದ ಬಿಡುವಾದ ವೇಳೆಯಲ್ಲಿ ಮುಂದುವರಿಸಿದರು.

1925ರ ಮಾರ್ಚ್ 23ರಂದು ಸೋರ್ಬೋನಿನಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ಪರೀಕ್ಷಕರಲ್ಲಿ ಸಮಾಜಶಾಸ್ತ್ರಜ್ಞ ಸೆಲೆಸ್ತಾಂ ಬೂಗ್ಲೆ ಒಬ್ಬರು. ಭಾರತದ ಜಾತಿಪದ್ಧತಿಯ ಬಗೆಗಿನ ಅಧ್ಯಯನದಿಂದ ಇವರ ಹೆಸರು ಇಲ್ಲಿಯೂ ಪರಿಚಿತ. ಸಮಾನತೆಯ ಕಲ್ಪನೆಯು ಪಾಶ್ಚಾತ್ಯ ನಾಗರಿಕತೆಯ ವಿಶೇಷ ಫಲವೆಂದು ಬೂಗ್ಲೆ ಪ್ರತಿಪಾದಿಸಿದ್ದರು. ಅದು ಯಾವುದೇ ಒಂದು ಜನಾಂಗದ ಸೊತ್ತಲ್ಲ, ಮನುಷ್ಯರೆಲ್ಲರಲ್ಲೂ ಸಹಜವಾಗಿ ಇರುವಂಥದ್ದು ಎಂದು ಕೂಪರ್ ಅವರ ಎದುರಿನಲ್ಲೇ ವಾದಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅದೇ ವರ್ಷ ಡಿಸೆಂಬರ್ 29ರಂದು ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಸಮಾರಂಭದಲ್ಲಿ ಪದವಿಪತ್ರವನ್ನು ಇವರಿಗೆ ನೀಡಲಾಯಿತು. ಮೊದಲು ಕೈಗೊಂಡಿದ್ದ ಷಾರ್ಲಮೇನ್ ಕಾವ್ಯದ ಆವೃತ್ತಿಯೂ ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು.

ಮಹಾಪ್ರಬಂಧದ ವಸ್ತು

1789ರಲ್ಲಿ ಮಾನವ ಹಕ್ಕುಗಳನ್ನು ಸಾರಿದ ಫ್ರಾನ್ಸ್, ಕೆರಿಬಿಯನ್ ವಸಾಹತುಗಳಲ್ಲಿದ್ದ ಗುಲಾಮರಿಗೆ ಆ ಹಕ್ಕುಗಳನ್ನು ಏಕೆ ನಿರಾಕರಿಸಿತು ಎಂಬುದು ಪ್ರಬಂಧದ ಮೂಲಪ್ರಶ್ನೆ. ಗುಲಾಮರ ಪರ ನಿಂತ ‘ಕಪ್ಪು ಜನರ ಮಿತ್ರರ ಸಂಘ’ಕ್ಕೂ ತೋಟದ ಒಡೆಯರ ಮಸ್ಸಿಯಾಕ್ ಕ್ಲಬ್ಬಿಗೂ ನಡೆದ ಜಗ್ಗಾಟವನ್ನು ಕೂಪರ್ ದಾಖಲೆಗಳ ಆಧಾರದಿಂದ ವಿವರಿಸುತ್ತಾರೆ. ಸಕ್ಕರೆ ಮತ್ತು ಕಾಫಿಯ ವ್ಯಾಪಾರದ ಲಾಭಕ್ಕಾಗಿ ಕ್ರಾಂತಿಯ ನಾಯಕರು ತಮ್ಮ ತತ್ತ್ವದೊಡನೆ ರಾಜಿ ಮಾಡಿಕೊಂಡರೆಂಬುದು ಅವರ ನಿರ್ಣಯ. 1791ರಲ್ಲಿ ಸೇಂಟ್ ಡೊಮಿಂಗ್ ದ್ವೀಪದ ಗುಲಾಮರು ಬಂಡೆದ್ದರು. 1794ರ ಫೆಬ್ರವರಿ 4ರಂದು ಫ್ರಾನ್ಸಿನ ಶಾಸನಸಭೆ ಗುಲಾಮಗಿರಿಯನ್ನು ರದ್ದುಪಡಿಸಿತು. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ಜಾರಿಗೆ ತಂದನು. 1804ರಲ್ಲಿ ಆ ವಸಾಹತು ಹೈಟಿ ಎಂಬ ಹೆಸರಿನಿಂದ ಸ್ವತಂತ್ರವಾಯಿತು. ವಸಾಹತಿನ ಈ ಹೋರಾಟವನ್ನು ಫ್ರೆಂಚ್ ಕ್ರಾಂತಿಯ ಅಡಿಟಿಪ್ಪಣಿಯಾಗಿ ಕಾಣದೆ ಅದರ ಒಳಗಿನ ಭಾಗವಾಗಿ ಕಂಡದ್ದು ಪ್ರಬಂಧದ ವೈಶಿಷ್ಟ್ಯ. ಫ್ರೆಂಚಿನಲ್ಲಿದ್ದ ಈ ಕೃತಿ ಇಂಗ್ಲಿಷಿಗೆ ಅನುವಾದಗೊಂಡು ಪ್ರಕಟವಾದದ್ದು 1988ರಲ್ಲಿ, ಅಂದರೆ 63 ವರ್ಷಗಳ ನಂತರ.

ನಂತರದ ಜೀವನ

ಡಾಕ್ಟರೇಟ್ ದೊರೆತ ಮೇಲೂ ಕೂಪರ್ ಪ್ರೌಢಶಾಲೆಯ ಅಧ್ಯಾಪಕಿಯಾಗಿಯೇ ಮುಂದುವರಿದು 1930ರಲ್ಲಿ ನಿವೃತ್ತರಾದರು. ಅದೇ ವರ್ಷ, ಹಗಲೆಲ್ಲ ದುಡಿಯುವ ಕಪ್ಪು ವರ್ಣೀಯರಿಗೆ ಸಂಜೆಯ ಶಿಕ್ಷಣ ನೀಡುತ್ತಿದ್ದ ಫ್ರೀಲಿಂಗ್‌ಹೈಸನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಸಂಸ್ಥೆಗೆ ಕಟ್ಟಡದ ಕೊರತೆಯುಂಟಾದಾಗ ತಮ್ಮ ಮನೆಯಲ್ಲೇ ತರಗತಿಗಳನ್ನು ನಡೆಸಿದರು. ಅದರ ಒಂದು ವಿಭಾಗಕ್ಕೆ ಗುಲಾಮರಾಗಿದ್ದ ತಮ್ಮ ತಾಯಿಯ ಹೆಸರನ್ನಿಟ್ಟರು.

ನಿಧನ ಮತ್ತು ಗೌರವಗಳು

ಕೂಪರ್ 1964ರ ಫೆಬ್ರವರಿ 27ರಂದು ವಾಷಿಂಗ್ಟನ್ನಿನಲ್ಲಿ ತಮ್ಮ 105ನೆಯ ವಯಸ್ಸಿನಲ್ಲಿ ನಿಧನರಾದರು. ಜನಾಂಗೀಯ ತಾರತಮ್ಯವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ ಅದೇ ವರ್ಷ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದಿತು. ಹುಟ್ಟೂರಾದ ರಾಲೀಯಲ್ಲಿ ಪತಿಯ ಸಮಾಧಿಯ ಬಳಿ ಇವರ ಸಮಾಧಿಯಿದೆ. 2009ರಲ್ಲಿ ಅಮೆರಿಕದ ಅಂಚೆ ಇಲಾಖೆ ಇವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಅಮೆರಿಕದ ಪಾಸ್‌ಪೋರ್ಟಿನ ಪುಟಗಳಲ್ಲಿ ಮುದ್ರಿಸಿರುವ ಗಣ್ಯರ ನುಡಿಗಳಲ್ಲಿ ಇವರ ಮಾತೂ ಸೇರಿದೆ.